ಜಾರುಬಂಡೆ ಕಡೆದ ಶಿಲ್ಪಿ

ಶಿಲ್ಪಿ ಇಸಾಮು ನೊಗುಚಿ ಬಗ್ಗೆ ಅವತ್ತು ಮಾತು ಶುರು ಮಾಡುವ ಮೊದಲು ಸಭೆಗೆ ಒಂದು ಪ್ರಶ್ನೆ ಕೇಳಿದ್ದೆ. ಪಾರ್ಕಿನಲ್ಲಿ ಮಕ್ಕಳು ಮೆಟ್ಟಿಲು ಹತ್ತಿ ಮೇಲೆ ಹೋಗಿ ಸರ್ರನೆ ಜಾರಿಕೊಂಡು ಕೆಳಗೆ ಬರುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಮಕ್ಕಳೆಲ್ಲ ಒಟ್ಟಿಗೆ ‘ಸ್ಲೈಡು’ ಎಂದು ಕೂಗಿದರು. ಹಿಂದಿನಿಂದ ಹಿರಿಯರೊಬ್ಬರು ಮೆಲ್ಲಗೆ ‘ಜಾರುಬಂಡೆ’ ಎಂದರು. ನನಗೆ ಬೇಕಾಗಿದ್ದದ್ದು ಆ ಮಾತೇ.

ಈಗಿನ ಜಾರುಬಂಡೆ ತಗಡಿನದು, ಪ್ಲಾಸ್ಟಿಕ್ಕಿನದು. ಆದರೆ ಪದದೊಳಗೆ ಬಂಡೆ ಹಾಗೇ ಕೂತಿದೆ. ಪಾರ್ಕುಗಳು ಬರುವ ಮೊದಲು ಊರಾಚೆಯ ಗುಡ್ಡದಲ್ಲಿ ನುಣುಪಾದ ಒಂದು ಇಳಿಜಾರು ಬಂಡೆ ಇರುತ್ತಿತ್ತು. ನಮ್ಮೂರಲ್ಲೂ ಇತ್ತು. ತೆಂಗಿನ ಮಟ್ಟೆ ಸಿಕ್ಕರೆ ಅದರ ಮೇಲೆ, ಸಿಗದಿದ್ದರೆ ಚಡ್ಡಿಯ ಮೇಲೇ ಜಾರುತ್ತಿದ್ದೆವು. ನಮ್ಮ ಅಪ್ಪಂದಿರು, ಅವರ ಅಪ್ಪಂದಿರು ಜಾರಿ ಜಾರಿ ಆ ಕಲ್ಲಿನ ನಡುವೆ ಒಂದು ಅಗಲವಾದ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಸಿಲಿಗೆ ಕಾದಿದ್ದರೆ ಕೂತ ಕೂಡಲೇ ಚುರ್ ಎನ್ನುತ್ತಿತ್ತು.

1986ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕದ ಪರವಾಗಿ ಕಲಾವಿದರೊಬ್ಬರು ತಮ್ಮ ಕೆಲಸ ಇಟ್ಟರು. ಜಗತ್ತಿನ ಕಲೆಯ ದೊಡ್ಡ ಜಾತ್ರೆ ಅದು. ಆಗ ಅವರಿಗೆ 81 ವರ್ಷ. ಅವರು ಅಲ್ಲಿಟ್ಟ ದೊಡ್ಡ ಶಿಲ್ಪ ಬಿಳಿ ಅಮೃತಶಿಲೆಯ ಒಂದು ಜಾರುಬಂಡೆ. ಹಿಂದಿನಿಂದ ಮೆಟ್ಟಿಲು ಹತ್ತಬೇಕು, ಮೇಲೆ ಕೂರಬೇಕು, ಸುತ್ತು ತಿರುಗಿಕೊಂಡು ಜಾರಿ ನೆಲಕ್ಕೆ ಬರಬೇಕು. ಹೆಸರು ‘ಸ್ಲೈಡ್ ಮಂತ್ರ’. ಮಂತ್ರ ಅಂದರೆ ನಮ್ಮ ಮಂತ್ರವೇ. ಅದರ ಜೊತೆಗೆ ಕಾಗದದ ದೀಪಗಳನ್ನೂ ಅಲ್ಲಿ ತೂಗುಹಾಕಿದ್ದರು. ಇಡೀ ಪ್ರದರ್ಶನಕ್ಕೆ ಅವರು ಕೊಟ್ಟ ಹೆಸರು ‘ಶಿಲ್ಪ ಎಂದರೇನು?’

ಅವರೇ ಇಸಾಮು ನೊಗುಚಿ. ಶಿಲ್ಪಿ ಎನ್ನಬಹುದು. ಅಷ್ಟೇ ಅಂದರೆ ಮೇಜು, ದೀಪ, ರೇಡಿಯೋ, ನೃತ್ಯದ ರಂಗಸಜ್ಜಿಕೆ, ತೋಟ, ಕಾರಂಜಿ, ಸೇತುವೆಯ ತಡೆಗೋಡೆ, ಆಟದ ಬಯಲು ಇವೆಲ್ಲ ಹೊರಗೆ ಉಳಿಯುತ್ತವೆ. ಅವರಿಗೆ ಇವೆಲ್ಲ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ ಅನ್ನುವುದೇ ನಾನು ಹೇಳಬೇಕೆಂದಿರುವ ಮಾತು. ಮನುಷ್ಯ ನಿಲ್ಲುವ, ಕೂರುವ, ನಡೆಯುವ, ಆಡುವ ಜಾಗವೇ ಅವರಿಗೆ ಶಿಲ್ಪ. ಪೀಠದ ಮೇಲೆ ನಿಂತ ವಸ್ತುವಿನಿಂದ ಹೊರಟು ನೆಲಕ್ಕೆ ಇಳಿಯಲು ಅವರಿಗೆ ಒಂದು ಆಯುಷ್ಯ ಹಿಡಿಯಿತು.

ಹುಟ್ಟಿದ್ದು 1904ರ ನವೆಂಬರ್ 17, ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ತಾಯಿ ಲಿಯೋನಿ ಗಿಲ್ಮೋರ್ ಅಮೆರಿಕದವರು. ತಂದೆ ಯೋನೆ ನೊಗುಚಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಜಪಾನಿ ಕವಿ. ಅವರ ಇಂಗ್ಲಿಷನ್ನು ತಿದ್ದಿಕೊಡುತ್ತಿದ್ದವರು ಲಿಯೋನಿಯೇ. ಮಗು ಹುಟ್ಟುವ ಮೊದಲೇ ಯೋನೆ ಜಪಾನಿಗೆ ಹೊರಟುಹೋಗಿದ್ದರು. ಈ ಯೋನೆಯ ಹೆಸರು ನಮ್ಮಲ್ಲಿ ಕೆಲವರಿಗೆ ಬೇರೆ ಕಡೆಯಿಂದ ಗೊತ್ತಿರಬಹುದು. 1938ರಲ್ಲಿ ಚೀನಾದ ಮೇಲೆ ಜಪಾನ್ ಮಾಡಿದ ದಾಳಿಯನ್ನು ಸಮರ್ಥಿಸಿ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದವರು, ಠಾಕೂರರಿಂದ ಖಡಕ್ ಉತ್ತರ ಪಡೆದವರು ಇವರೇ.

1907ರಲ್ಲಿ ತಾಯಿ ಮಗನನ್ನು ಕಟ್ಟಿಕೊಂಡು ಜಪಾನಿಗೆ ಹೋದರು. ಅಲ್ಲಿ ಹೋದ ಮೇಲೆ ತಂದೆ ಇಟ್ಟ ಹೆಸರು ಇಸಾಮು. ಧೈರ್ಯ ಎಂದು ಅದರ ಅರ್ಥ. ಆದರೆ ಅಪ್ಪನಿಗೆ ಅಷ್ಟರಲ್ಲಿ ಬೇರೆ ಸಂಸಾರವಿತ್ತು. ತಾಯಿ ಇಂಗ್ಲಿಷ್ ಪಾಠ ಹೇಳಿ ಮನೆ ನಡೆಸಿದರು. ಬೀದಿಯ ಮಕ್ಕಳಿಗೆ ಈ ಹುಡುಗ ಹೊರಗಿನವ. ಚಿಗಸಾಕಿ ಎಂಬ ಕಡಲ ತೀರದ ಊರಲ್ಲಿ ತಾಯಿ ಒಂದು ಪುಟ್ಟ ಮನೆ ಕಟ್ಟಿಸಿದಾಗ ಹುಡುಗನನ್ನೂ ಆ ಕೆಲಸಕ್ಕೆ ಹಚ್ಚಿದರು. ಬಡಗಿಯ ಹತ್ತಿರ ಉಳಿ, ಗರಗಸ, ಉಜ್ಜುಗೊರಡು ಹಿಡಿಯುವುದನ್ನು ಕಲಿತ. ಮರಕ್ಕೆ ಮರ ಮೊಳೆಯಿಲ್ಲದೆ ಕಚ್ಚಿಕೊಳ್ಳುವುದನ್ನು ಅವನು ನೋಡಿದ್ದು ಅಲ್ಲೇ ಇರಬೇಕು. ಮುಂದೆ ಅವನ ಅಮೃತಶಿಲೆಯ ಹಲಗೆಗಳೂ ಅಂಟಿಲ್ಲದೆ ಹಾಗೇ ಒಂದಕ್ಕೊಂದು ಕಚ್ಚಿಕೊಂಡು ನಿಂತವು.

1918ರಲ್ಲಿ, 13 ವರ್ಷದ ಹುಡುಗನನ್ನು ತಾಯಿ ಒಬ್ಬನನ್ನೇ ಹಡಗು ಹತ್ತಿಸಿ ಅಮೆರಿಕದ ಇಂಡಿಯಾನಾಕ್ಕೆ ಕಳಿಸಿದರು. ಕೈಕೆಲಸ ಕಲಿಸುವ ಶಾಲೆಯೊಂದರ ಬಗ್ಗೆ ಓದಿ ಮೆಚ್ಚಿ ಮಾಡಿದ ನಿರ್ಧಾರ. ಹುಡುಗ ಹೋಗಿ ಸೇರಿದ ಕೆಲವೇ ದಿನಕ್ಕೆ ಶಾಲೆ ಮುಚ್ಚಿತು. ಶಾಲೆ ಕಟ್ಟಿದವರೇ ಕರುಣೆಯಿಂದ ಲಾ ಪೋರ್ಟ್ ಎಂಬ ಊರಲ್ಲಿ ಒಂದು ಮನೆಯವರ ಹತ್ತಿರ ಬಿಟ್ಟರು. ಅಲ್ಲಿ ಅವನ ಹೆಸರು ಸ್ಯಾಮ್ ಗಿಲ್ಮೋರ್. ಜಪಾನಿನಲ್ಲಿ ಅಮೆರಿಕದವನಾಗಿದ್ದ, ಅಮೆರಿಕದಲ್ಲಿ ಜಪಾನಿನವನಾದ. ಇಂಥ ಹುಡುಗ ಮುಂದೆ ಬದುಕಿನುದ್ದಕ್ಕೂ ಎಲ್ಲರೂ ಬಂದು ಕೂರಬಹುದಾದ ಜಾಗಗಳನ್ನು ಮಾಡಲು ಹಟ ಹಿಡಿದದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಪ್ರೌಢಶಾಲೆ ಮುಗಿದ ಮೇಲೆ ಗುಟ್‌ಜನ್ ಬೋರ್ಗ್ಲಮ್ ಎಂಬ ಶಿಲ್ಪಿಯ ಬಳಿ ಕೆಲಸಕ್ಕಿದ್ದ. ಮುಂದೆ ರಷ್‌ಮೋರ್ ಬೆಟ್ಟದಲ್ಲಿ ಅಮೆರಿಕದ ಅಧ್ಯಕ್ಷರ ತಲೆಗಳನ್ನು ಕೆತ್ತಿಸಿದವರು ಇವರೇ. ನೀನು ಶಿಲ್ಪಿಯಾಗುವುದಿಲ್ಲ ಎಂದು ಹೇಳಿ ಕಳಿಸಿದರು. ಹುಡುಗ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಡಾಕ್ಟರಾಗಲು ಓದತೊಡಗಿದ. ಅಷ್ಟರಲ್ಲಿ ಅಮೆರಿಕಕ್ಕೆ ಮರಳಿದ್ದ ತಾಯಿ, ಸಂಜೆ ಹೊತ್ತು ಶಿಲ್ಪದ ತರಗತಿಗೆ ಹೋಗು ಎಂದು ದೂಡಿದರು. 1924ರಲ್ಲಿ ಹೋದ. ಕೆಲವೇ ತಿಂಗಳಲ್ಲಿ ಮೊದಲ ಪ್ರದರ್ಶನ. ಡಾಕ್ಟರಿಕೆ ಅಲ್ಲಿಗೆ ನಿಂತಿತು. ತನ್ನನ್ನು ಮಗನೆಂದು ಸರಿಯಾಗಿ ಒಪ್ಪಿಕೊಳ್ಳದ ಅಪ್ಪನ ಹೆಸರನ್ನೇ ತೆಗೆದುಕೊಂಡು ಇಸಾಮು ನೊಗುಚಿ ಎಂದು ಸಹಿ ಹಾಕತೊಡಗಿದ.

ಇನ್ನು ಮುಂದೆ ಅವರನ್ನು ನಾನು ‘ಅವರು’ ಎನ್ನುತ್ತೇನೆ.

1927ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿ ಪ್ಯಾರಿಸ್‌ಗೆ ಹೋದರು. ಮೊದಲು ಪ್ಯಾರಿಸ್, ಆಮೇಲೆ ಭಾರತ, ಚೀನಾ, ಜಪಾನ್ ನೋಡಬೇಕು ಎಂಬುದು ಅರ್ಜಿಯಲ್ಲಿ ಬರೆದುಕೊಂಡಿದ್ದ ಆಸೆ. ಭಾರತಕ್ಕೆ ಬರಲು ಇನ್ನೂ 20 ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಪ್ಯಾರಿಸ್‌ನಲ್ಲಿ ಸಿಕ್ಕ ಗುರು ಕಾನ್‌ಸ್ಟಂಟಿನ್ ಬ್ರಾಂಕುಸಿ, ರುಮೇನಿಯಾದಿಂದ ಬಂದು ಆಧುನಿಕ ಶಿಲ್ಪಕ್ಕೆ ಹೊಸ ದಾರಿ ತೆರೆದವರು. ಬ್ರಾಂಕುಸಿಗೆ ಇಂಗ್ಲಿಷ್ ಬಾರದು, ನೊಗುಚಿಗೆ ಫ್ರೆಂಚ್ ಬಾರದು. ಕಣ್ಸನ್ನೆ, ಕೈಸನ್ನೆಯಲ್ಲೇ ಪಾಠ. ಮೊದಲು ಕೊಟ್ಟ ಕೆಲಸ ಸುಣ್ಣಕಲ್ಲನ್ನು ಚೌಕವಾಗಿ ತೀಡುವುದು. ಆರೂ ಮುಖ ಸಮ ಬರಬೇಕು, ಅಂಚು ಸರಿ ಕೂಡಬೇಕು, ಅಷ್ಟೇ. ಸುಲಭ ಅನ್ನಿಸುತ್ತದೆ. ಕಲ್ಲು ಕೆಲಸದವರನ್ನು ಕೇಳಿ ನೋಡಿ. ನಮ್ಮಲ್ಲಿ ಕಲ್ಲುಕುಟಿಗರು ಮಕ್ಕಳಿಗೆ ಮೊದಲು ವಿಗ್ರಹ ಕೊಡುವುದಿಲ್ಲ, ಚಪ್ಪಡಿಯ ಅಂಚು ತೆಗೆಯಲು ಕೂರಿಸುತ್ತಾರೆ. ಉಳಿ ಎಷ್ಟು ಓರೆಯಾಗಿ ಹಿಡಿದರೆ ಚಕ್ಕೆ ಎಲ್ಲಿ ಹಾರುತ್ತದೆ ಎನ್ನುವುದು ಕೈಗೆ ಗೊತ್ತಾಗಬೇಕು. ಕಲ್ಲು ಕಲ್ಲಾಗಿಯೇ ಇರಲಿ, ಮೇಣದ ಬೊಂಬೆಯ ಹಾಗೆ ತೋರಬೇಕಿಲ್ಲ ಎನ್ನುವ ಆಧುನಿಕ ಶಿಲ್ಪದ ದೊಡ್ಡ ತತ್ವ ನೊಗುಚಿಗೆ ಕೈಯಿಂದ ಬಂದದ್ದು ಹೀಗೆ.

1929ರಲ್ಲಿ ನ್ಯೂಯಾರ್ಕಿಗೆ ವಾಪಸು. ಹೊಟ್ಟೆಪಾಡಿಗೆ ಜನರ ತಲೆಯ ಶಿಲ್ಪಗಳನ್ನು ಮಾಡಿದರು. ಚೆನ್ನಾಗಿವೆ, ಆದರೆ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಆ ತಲೆಗಳಿಂದಾದ ದೊಡ್ಡ ಲಾಭವೆಂದರೆ ಎರಡು ಸ್ನೇಹಗಳು. ಒಬ್ಬರು ಗುಮ್ಮಟಗಳ ಎಂಜಿನಿಯರ್ ಬಕ್‌ಮಿನ್‌ಸ್ಟರ್ ಫುಲ್ಲರ್, ಇನ್ನೊಬ್ಬರು ನೃತ್ಯಗಾತಿ ಮಾರ್ತಾ ಗ್ರಹಾಂ. ಆಮೇಲೆ ಬೀಜಿಂಗಿಗೆ ಹೋಗಿ ಚಿ ಬೈಶಿ ಎಂಬ ಹಿರಿಯ ಚಿತ್ರಕಾರರಿಂದ ಕುಂಚದ ಕೆಲಸ ಕಲಿತರು. ಅಲ್ಲಿಂದ ಜಪಾನ್. ನನ್ನ ಹೆಸರು ಇಟ್ಟುಕೊಂಡು ಇಲ್ಲಿಗೆ ಬರಬೇಡ ಎಂದು ಅಪ್ಪ ಕಾಗದ ಬರೆದಿದ್ದರು. ಆದರೂ ಹೋದರು. ಕ್ಯೋಟೋದಲ್ಲಿ ಕುಂಬಾರರೊಬ್ಬರ ಬಳಿ ಮಣ್ಣಿನ ಕೆಲಸ ಮಾಡಿದರು, ಝೆನ್ ದೇವಾಲಯಗಳ ಕಲ್ಲಿನ ತೋಟಗಳನ್ನು ಕೂತು ನೋಡಿದರು.

ಇಲ್ಲಿಂದ ಮುಂದಿನ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1933ರಲ್ಲಿ ನೊಗುಚಿ ಪ್ಲಾಸ್ಟರಿನಲ್ಲಿ ಒಂದು ಮಾದರಿ ಮಾಡಿದರು. ಹೆಸರು ‘ಪ್ಲೇ ಮೌಂಟನ್’, ಆಟದ ಗುಡ್ಡ. ನ್ಯೂಯಾರ್ಕಿನ ಒಂದಿಡೀ ಬ್ಲಾಕನ್ನು ತೆಗೆದುಕೊಂಡು ಅದರ ನೆಲವನ್ನೇ ಎತ್ತಿ, ಇಳಿಸಿ, ಮೆಟ್ಟಿಲಾಗಿಸಿ ಮಕ್ಕಳಿಗೆ ಬಿಟ್ಟುಕೊಡುವ ಯೋಜನೆ. ಅದರಲ್ಲಿ ಉಯ್ಯಾಲೆಯಿಲ್ಲ, ಕಬ್ಬಿಣದ ಏಣಿಯಿಲ್ಲ. ಬೇಸಗೆಯಲ್ಲಿ ನೀರಿನ ಜೊತೆ ಜಾರಬಹುದು, ಚಳಿಗಾಲದಲ್ಲಿ ಹಿಮದ ಮೇಲೆ ಜಾರಬಹುದು. ಮಗುವಿಗೆ ಹೀಗೆ ಆಡು ಎಂದು ಯಾವ ವಸ್ತುವೂ ಹೇಳುವುದಿಲ್ಲ. ಉಯ್ಯಾಲೆ ಕಂಡರೆ ತೂಗಲೇಬೇಕು. ಗುಡ್ಡ ಕಂಡರೆ ಹತ್ತಬಹುದು, ಉರುಳಬಹುದು, ಹಿಂದೆ ಅಡಗಬಹುದು, ಸುಮ್ಮನೆ ಮೇಲೆ ಕೂತು ಆಕಾಶ ನೋಡಬಹುದು. ನಮ್ಮೂರ ಬಂಡೆಯೂ ಹಾಗೇ ಇತ್ತು.

ನೊಗುಚಿ ಈ ಮಾದರಿಯನ್ನು ನ್ಯೂಯಾರ್ಕಿನ ಪಾರ್ಕುಗಳ ಮುಖ್ಯಸ್ಥ ರಾಬರ್ಟ್ ಮೋಸೆಸ್ ಬಳಿ ಒಯ್ದರು. ಆ ಮನುಷ್ಯ ಬಿದ್ದು ಬಿದ್ದು ನಕ್ಕು ಹೊರಗೆ ಕಳಿಸಿದ. ಅದೇ ಕೈ ಮುಂದೆ 1952ರಲ್ಲಿ ವಿಶ್ವಸಂಸ್ಥೆಯ ಕಟ್ಟಡದ ಪಕ್ಕ ನೊಗುಚಿ ಯೋಜಿಸಿದ್ದ ಆಟದ ಬಯಲನ್ನೂ ತಡೆಯಿತು. 1960ರ ದಶಕದಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆ ಸೇರಿ ರಿವರ್‌ಸೈಡ್ ಪಾರ್ಕಿಗೆ ಐದು ವರ್ಷ ಮಾದರಿಯ ಮೇಲೆ ಮಾದರಿ ಮಾಡಿದರು. ಅಹಮದಾಬಾದಿನ ಐಐಎಂ ಕಟ್ಟಡದ ಕಾನ್ ಅವರೇ. ಆ ಯೋಜನೆಯನ್ನೂ ನಗರಾಡಳಿತ ಕೈಬಿಟ್ಟಿತು. ಒಬ್ಬ ಕಲಾವಿದನ ಮಾರಾಟವಾದ ಕೆಲಸಗಳನ್ನಷ್ಟೇ ನೋಡಿ ಅವನ ಅಳತೆ ಮಾಡಿದರೆ ತಪ್ಪು ಮಾಡುತ್ತೇವೆ. ನೊಗುಚಿಯ ಅತ್ಯಂತ ಒಳ್ಳೆಯ ಯೋಚನೆ 50 ವರ್ಷ ಪ್ಲಾಸ್ಟರಿನಲ್ಲೇ ಕಪಾಟಿನಲ್ಲಿ ಕೂತಿತ್ತು.

ಗುಡ್ಡ ಆಗಲಿಲ್ಲ, ರಂಗ ಸಿಕ್ಕಿತು. 1935ರಲ್ಲಿ ಮಾರ್ತಾ ಗ್ರಹಾಂ ಅವರ ‘ಫ್ರಾಂಟಿಯರ್’ ನೃತ್ಯಕ್ಕೆ ನೊಗುಚಿ ರಂಗಸಜ್ಜಿಕೆ ಮಾಡಿದರು. ನಡುವೆ ಬೇಲಿಯ ಒಂದು ತುಂಡು. ಅದರ ಹಿಂದಿನಿಂದ ಹೊರಟು ರಂಗದ ಮೇಲಿನ ಎರಡು ಮೂಲೆಗೆ ಚಾಚಿದ ಹಗ್ಗ. ಇಷ್ಟೇ. ಖಾಲಿ ರಂಗ ಅಮೆರಿಕದ ಕೊನೆಯಿಲ್ಲದ ಬಯಲಾಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ರಥ ಇಟ್ಟರೆ ಅದೇ ಸಿಂಹಾಸನ, ಅದೇ ಬೆಟ್ಟ. ಗ್ರಹಾಂ ಅವರಿಗಾಗಿ ನೊಗುಚಿ ಮೂರು ದಶಕಗಳಲ್ಲಿ ಸುಮಾರು 20 ಸಜ್ಜಿಕೆ ಮಾಡಿದರು. ಶಿಲ್ಪದ ನಡುವೆ ಜೀವಂತ ದೇಹವೊಂದು ಓಡಾಡಿದರೆ ಏನಾಗುತ್ತದೆ ಎಂದು ಅವರು ಕಂಡುಕೊಂಡದ್ದು ಅಲ್ಲಿ.

ಆ ವರ್ಷಗಳ ಬೇರೆ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. 1936ರಲ್ಲಿ ಮೆಕ್ಸಿಕೋ ನಗರದ ಮಾರುಕಟ್ಟೆಯೊಂದರ ಗೋಡೆಗೆ ಸಿಮೆಂಟಿನ ದೊಡ್ಡ ಉಬ್ಬುಶಿಲ್ಪ. 1937ರಲ್ಲಿ ‘ರೇಡಿಯೋ ನರ್ಸ್’, ಅಂದರೆ ಮಗು ಇನ್ನೊಂದು ಕೋಣೆಯಲ್ಲಿ ಅತ್ತರೆ ಇಲ್ಲಿ ಕೇಳಿಸುವ ಯಂತ್ರ, ಬೇಕಲೈಟ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಮೈ, ಮುಖವಾಡದಂಥ ಆಕಾರ. 1940ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಕಟ್ಟಡದ ಬಾಗಿಲ ಮೇಲೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಕ ಹೊಯ್ದ ಐವರು ಪತ್ರಕರ್ತರು. ಈಗಲೂ ಅಲ್ಲಿದೆ.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಮರು ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರ ಹೊರಡಿಸಿದ ಆದೇಶದ ಮೇಲೆ ಪಶ್ಚಿಮ ಕರಾವಳಿಯ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಬಂಧನ ಶಿಬಿರಗಳಿಗೆ ತಳ್ಳಲಾಯಿತು. ಬಹುಪಾಲು ಜನ ಅಮೆರಿಕದ ಪ್ರಜೆಗಳೇ. ನೊಗುಚಿ ನ್ಯೂಯಾರ್ಕಿನ ನಿವಾಸಿ, ಅವರಿಗೆ ಈ ಆದೇಶ ತಟ್ಟುತ್ತಿರಲಿಲ್ಲ. ಆದರೂ 1942ರ ಮೇ ತಿಂಗಳಲ್ಲಿ ತಾವಾಗಿಯೇ ಹೋಗಿ ಅರಿಜೋನಾದ ಪೋಸ್ಟನ್ ಶಿಬಿರ ಸೇರಿದರು. ಒಳಗಿರುವ ಜನಕ್ಕೆ ಪಾರ್ಕು, ಆಟದ ಮೈದಾನ, ಒಂದು ಸ್ಮಶಾನ, ಬದುಕಲು ಆಗುವಂಥ ಊರು ಮಾಡಿಕೊಡಬಹುದು ಎಂದು ನಂಬಿದ್ದರು. ನಕ್ಷೆಗಳನ್ನೂ ಬರೆದರು. ಅಲ್ಲಿದ್ದದ್ದು ಧೂಳು, ತಡೆಯಲಾರದ ಬಿಸಿಲು, ಹಲಗೆಯ ಶೆಡ್ಡುಗಳು. ಅಧಿಕಾರಿಗಳಿಗೆ ಊರು ಕಟ್ಟುವ ಇರಾದೆಯೇ ಇರಲಿಲ್ಲ. ಒಳಗಿದ್ದ ಜನ ಇವನು ಸರ್ಕಾರದ ಕಡೆಯವನಿರಬೇಕು ಎಂದು ದೂರ ಇಟ್ಟರು. ಕೆಲಸ ಆಗುವುದಿಲ್ಲ ಎಂದು ಗೊತ್ತಾಗಿ ಹೊರಡಲು ಅನುಮತಿ ಕೇಳಿದರೆ, ಸ್ವಂತ ಇಚ್ಛೆಯಿಂದ ಒಳಗೆ ಬಂದವರಿಗೂ ಹೊರಗೆ ಹೋಗುವ ಹಕ್ಕಿರಲಿಲ್ಲ. ನವೆಂಬರಿನಲ್ಲಿ ಬಿಡುಗಡೆಯಾಯಿತು. ಅವರ ಬದುಕಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುವುದು ಈ ಆರು ತಿಂಗಳು. ಸೆರೆಮನೆಯ ನೆಲವನ್ನೂ ತೋಟ ಮಾಡಬಹುದು ಎಂದು ಒಬ್ಬ ಮನುಷ್ಯ ಪೆಟ್ಟಿಗೆ ಕಟ್ಟಿಕೊಂಡು ಹೊರಡುವುದು ಸಾಮಾನ್ಯದ ಮಾತಲ್ಲ.

ಯುದ್ಧದ ನಂತರ ಕೈಗೆ ಕೆಲಸ ತುಂಬಿತು. ಕಟ್ಟಡಗಳಿಗೆ ಹೊದಿಸುವ ಅಮೃತಶಿಲೆಯ ತೆಳು ಹಲಗೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವನ್ನು ಕೊರೆದು, ಕಚ್ಚು ಮಾಡಿ, ಒಂದರೊಳಗೊಂದು ಸಿಕ್ಕಿಸಿ ನಿಲ್ಲಿಸಿದರು. 1945ರ ‘ಕೂರೊಸ್’ ಅಂಥದ್ದು, ಆಳೆತ್ತರ ಮೀರಿದ ಶಿಲ್ಪ, ತನ್ನ ಭಾರಕ್ಕೆ ತಾನೇ ನಿಂತಿದೆ. ಬಹಳ ಜನಕ್ಕೆ ಅವರ ಹೆಸರು ಗೊತ್ತಿಲ್ಲದಿದ್ದರೂ ಅವರ ಟೀಪಾಯಿ ಗೊತ್ತು. ಹರ್ಮನ್ ಮಿಲ್ಲರ್ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದದ್ದು. ಮೇಲೆ ದಪ್ಪ ಗಾಜು, ಕೆಳಗೆ ಒಂದೇ ಅಚ್ಚಿನ ಎರಡು ಮರದ ತುಂಡು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಆನಿಸಿದರೆ ಮುಕ್ಕಾಲಿ. ಬೆಂಗಳೂರಿನ ಫರ್ನಿಚರ್ ಅಂಗಡಿಗಳಲ್ಲಿ ಇದರ ನಕಲನ್ನು ನೀವೆಲ್ಲ ನೋಡಿರುತ್ತೀರಿ. ಮುಂದಿನ ಸಲ ಕಂಡರೆ ಬಗ್ಗಿ ಕೆಳಗೆ ನೋಡಿ. ಗಾಜು ತೆಗೆದರೆ ಅದು ಶಿಲ್ಪವೇ.

ಆದರೆ ಮನಸ್ಸು ನೆಲೆ ನಿಂತಿರಲಿಲ್ಲ. ಆಪ್ತ ಗೆಳೆಯ, ಚಿತ್ರಕಾರ ಆರ್ಶಿಲ್ ಗೋರ್ಕಿ 1948ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1949ರಲ್ಲಿ ಬೋಲಿಂಗನ್ ಪ್ರತಿಷ್ಠಾನದ ಸಹಾಯಧನ ಪಡೆದು ನೊಗುಚಿ ಪ್ರವಾಸ ಹೊರಟರು. ಜನ ಬಿಡುವಿನ ಹೊತ್ತಲ್ಲಿ ಸೇರುವ ಜಾಗಗಳು ಹಿಂದೆ ಹೇಗಿದ್ದವು, ಕಲ್ಲು ಮತ್ತು ನೆಲ ಅಲ್ಲಿ ಏನು ಮಾಡುತ್ತಿದ್ದವು ಎಂದು ನೋಡುವುದು ಉದ್ದೇಶ. ಯುರೋಪು, ಈಜಿಪ್ಟ್ ದಾಟಿ ಕೊನೆಗೂ ಭಾರತಕ್ಕೆ ಬಂದರು. ಅಜಂತಾ, ಎಲ್ಲೋರಾ ನೋಡಿದರು. ಅವರನ್ನು ಗಟ್ಟಿಯಾಗಿ ಹಿಡಿದದ್ದು ದೆಹಲಿ, ಜೈಪುರಗಳ ಜಂತರ್ ಮಂತರ್.

ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯಗಳಿವು. ಜೈಪುರದ ಸಮ್ರಾಟ್ ಯಂತ್ರ ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ. ಆಕಾಶಕ್ಕೆ ಹತ್ತುವ ಮೆಟ್ಟಿಲು, ಎರಡೂ ಬದಿಗೆ ರೆಕ್ಕೆಯಂತೆ ಬಾಗಿದ ಕಮಾನು. ನೆರಳು ಅದರ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ನಾನು ಅಲ್ಲಿ ನಿಂತು ನೋಡಿದ್ದೇನೆ. ನೆರಳಿನ ಅಂಚಿಗೆ ಬೆರಳಿಟ್ಟು ಉಸಿರು ಬಿಗಿಹಿಡಿದರೆ, ಉಸಿರು ಬಿಡುವುದರೊಳಗೆ ನೆರಳು ಬೆರಳನ್ನು ದಾಟಿರುತ್ತದೆ. ಭೂಮಿ ತಿರುಗುವುದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ನೊಗುಚಿ ಇವುಗಳ ಫೋಟೋ ತೆಗೆದುಕೊಂಡರು. ಇಲ್ಲಿ ಮೆಟ್ಟಿಲಿದೆ, ಇಳಿಜಾರಿದೆ, ಗುಂಡಿಯಿದೆ, ಆಕಾಶವಿದೆ. ಯಾರೂ ಇದನ್ನು ಶಿಲ್ಪ ಎಂದು ಕಟ್ಟಿದ್ದಲ್ಲ. ಆದರೆ ಅವರ 1933ರ ಗುಡ್ಡಕ್ಕೆ ಇದು 200 ವರ್ಷ ಹಿರಿಯ ಅಣ್ಣ. ವೆನಿಸ್‌ನ ಆ ಜಾರುಬಂಡೆಯ ಚಿತ್ರವನ್ನು ಸಮ್ರಾಟ್ ಯಂತ್ರದ ಚಿತ್ರದ ಪಕ್ಕ ಇಟ್ಟು ತೋರಿಸಿದಾಗ ಸಭೆಯಲ್ಲಿ ಒಂದು ‘ಓ’ ಕೇಳಿಸಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ 1960ರ ದಶಕದಲ್ಲಿ ಅವರು ಮಾಡಿದ ಬಿಳಿ ಅಮೃತಶಿಲೆಯ ತಗ್ಗು ಅಂಗಳಕ್ಕೂ ಪ್ರೇರಣೆ ಇಲ್ಲಿಯದೇ. ಒಂದು ಪಿರಮಿಡ್ಡು, ಒಂದು ವರ್ತುಲ, ಮೂಲೆಯ ಮೇಲೆ ನಿಂತ ಒಂದು ಘನ. ನೋಡಲು ಬಹಳ ಚೆಂದ. ಆದರೆ ಗಾಜಿನ ಈಚೆಯಿಂದಲೋ ಮೇಲಿನಿಂದಲೋ ನೋಡಬೇಕು, ಕಾಲಿಡುವಂತಿಲ್ಲ. ಕಾಲಿಡಲಾಗದ ನೊಗುಚಿಯ ಅಂಗಳ ನನಗೆ ಅರ್ಧ ನೊಗುಚಿಯಷ್ಟೇ.

ಭಾರತದಿಂದ ಜಪಾನ್. 1951ರಲ್ಲಿ ಹಿರೋಶಿಮಾಕ್ಕೆ ಹೋಗುವ ದಾರಿಯಲ್ಲಿ ಗಿಫು ಎಂಬ ಊರಲ್ಲಿ ಇಳಿದರು. ರಾತ್ರಿ ದೋಣಿಯಲ್ಲಿ ಬೆಂಕಿ ಉರಿಸಿ ನೀರುಕಾಗೆಗಳಿಂದ ಮೀನು ಹಿಡಿಸುವುದಕ್ಕೆ ಹೆಸರಾದ ಊರು. ಕಾಗದದ ಲಾಟೀನಿಗೂ ಹೆಸರಾದದ್ದು. ಆ ಕಸುಬು ಸೊರಗುತ್ತಿತ್ತು. ಏನಾದರೂ ಮಾಡಿಕೊಡಿ ಎಂದು ಊರಿನ ಮೇಯರ್ ಕೇಳಿದರು. ನೊಗುಚಿ ಅಲ್ಲಿನ ಕುಶಲಕರ್ಮಿಗಳ ಜೊತೆ ಕೂತು ಹೊಸ ದೀಪಗಳನ್ನು ರೂಪಿಸಿದರು. ಮೇಣದಬತ್ತಿಯ ಜಾಗಕ್ಕೆ ವಿದ್ಯುತ್ ಬಲ್ಬು ಬಂತು. ಮೇಲೆ ಬಿಡಿಸುತ್ತಿದ್ದ ಹೂಬಳ್ಳಿ ಹೋಯಿತು. ಬಿಳಿ ಕಾಗದ ಮಾತ್ರ ಉಳಿಯಿತು. ಹೆಸರು ‘ಅಕಾರಿ’. ಜಪಾನಿಯಲ್ಲಿ ಬೆಳಕು.

ಮಾಡುವ ಕ್ರಮ ಕೇಳಿ. ಮೊದಲು ಮರದ ತೆಳು ಹಲಗೆಗಳನ್ನು ಸುತ್ತಲೂ ಜೋಡಿಸಿ ಅಚ್ಚು ನಿಲ್ಲಿಸುತ್ತಾರೆ, ಕಿತ್ತಳೆಯ ತೊಳೆಗಳನ್ನು ಒಟ್ಟುಗೂಡಿಸಿದ ಹಾಗೆ. ಹಲಗೆಯ ಅಂಚಿನಲ್ಲಿ ಕಚ್ಚುಗಳಿರುತ್ತವೆ. ಆ ಕಚ್ಚುಗಳಲ್ಲಿ ಬಿದಿರಿನ ತೆಳ್ಳನೆಯ ಎಳೆಯನ್ನು ಮೇಲಿನಿಂದ ಕೆಳಗೆ ಸುರುಳಿ ಸುತ್ತುತ್ತಾರೆ. ಅದರ ಮೇಲೆ ಅಂಟು ಸವರಿ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಹಚ್ಚುತ್ತಾರೆ. ಒಣಗಿದ ಮೇಲೆ ಒಳಗಿನ ಅಚ್ಚನ್ನು ಬಿಡಿಬಿಡಿಯಾಗಿ ಕಳಚಿ ಬಾಯಿಯಿಂದ ಹೊರಗೆಳೆಯುತ್ತಾರೆ. ಉಳಿಯುವುದು ಬಿದಿರು, ಕಾಗದ, ಒಳಗಿನ ಗಾಳಿ. ಮೇಲಿನಿಂದ ಒತ್ತಿದರೆ ಮಡಚಿಕೊಂಡು ತಟ್ಟೆಯಾಗುತ್ತದೆ. ಲಕೋಟೆಗೆ ಹಾಕಿ ಸಮುದ್ರದಾಚೆ ಕಳಿಸಬಹುದು. ಕಾಗದ ಆಗುವುದು ಒಂದು ಗಿಡದ ತೊಗಟೆಯ ನಾರಿನಿಂದ. ನಮ್ಮ ರಾಮನಗರದ ಕಡೆ ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆಗೆ ಆ ಗಿಡ ನೆಂಟ. ದೀಪಾವಳಿಗೆ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಕಟ್ಟಿದ ಕರಾವಳಿಯವರಿಗೆ, ಆಕಾಶಬುಟ್ಟಿ ತೂಗುಹಾಕಿದ ಮಿಕ್ಕವರಿಗೆ ಆ ಅಂಟಿನ ವಾಸನೆ ಗೊತ್ತು. ಕಾಗದದ ಒಳಗಿಂದ ಬರುವ ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ, ಕೋಣೆಯ ಮೂಲೆಗಳಿಗೆ ಮೆತ್ತಗೆ ಹೋಗಿ ಕೂರುತ್ತದೆ.

ನೊಗುಚಿ ಸಾಯುವವರೆಗೂ ಅಕಾರಿ ಮಾಡುವುದನ್ನು ಬಿಡಲಿಲ್ಲ. ನೂರಕ್ಕೂ ಹೆಚ್ಚು ಬಗೆ. ಜಗತ್ತೆಲ್ಲ ನಕಲು ಮಾಡಿತು. ಇವತ್ತು ಬಾಡಿಗೆ ಮನೆಯಲ್ಲಿ ತೂಗುವ ಬಿಳಿ ಕಾಗದದ ಗುಂಡು ದೀಪಗಳೆಲ್ಲ ಇದೇ ವಂಶದವು. ದೀಪ ಮಾರುವವನು ಶಿಲ್ಪಿಯೇ ಎಂದು ಕಲಾಲೋಕದ ಕೆಲವರು ಮೂಗು ಮುರಿದರು. ವೆನಿಸ್‌ನಲ್ಲಿ ಅಮೃತಶಿಲೆಯ ಪಕ್ಕಕ್ಕೇ ಕಾಗದ ತೂಗುಹಾಕಿದ್ದು ಅವರಿಗೆ ಕೊಟ್ಟ ಉತ್ತರ ಎಂದು ನಾನು ತಿಳಿದಿದ್ದೇನೆ.

ಹಿರೋಶಿಮಾದಲ್ಲಿ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಶಾಂತಿ ಉದ್ಯಾನ ಕಟ್ಟುತ್ತಿದ್ದರು. ಅಲ್ಲಿಗೆ ಹೋಗುವ ಎರಡು ಸೇತುವೆಗಳ ತಡೆಗೋಡೆಗಳನ್ನು ನೊಗುಚಿ ರೂಪಿಸಿದರು. ಒಂದು ಉದಯಿಸುವ ಸೂರ್ಯನತ್ತ ಮುಖ ಮಾಡಿದ್ದು, ಇನ್ನೊಂದು ಹೊರಟು ನಿಂತ ದೋಣಿಯ ಹಾಗಿರುವುದು. 1952ರಲ್ಲಿ ಮುಗಿದವು, ಜನ ಇಂದಿಗೂ ಅವುಗಳ ಮೇಲೆ ನಡೆಯುತ್ತಾರೆ. ಸತ್ತವರ ಸ್ಮಾರಕವನ್ನೂ ಮಾಡಿಕೊಡಿ ಎಂದು ಟಾಂಗೆ ಕೇಳಿದರು. ಕಪ್ಪು ಗ್ರಾನೈಟಿನ ದಪ್ಪ ಕಮಾನು, ಅದರ ಕಾಲುಗಳು ನೆಲದೊಳಕ್ಕೆ ಇಳಿದು ಹೋಗಿ ಕೆಳಗೊಂದು ಗವಿ, ಅಲ್ಲಿ ಸತ್ತವರ ಹೆಸರುಗಳು. ಸಮಿತಿ ತಿರಸ್ಕರಿಸಿತು. ಬಾಂಬು ಹಾಕಿದ ದೇಶದವನ ಕೈಯಿಂದ ಸ್ಮಾರಕ ಬೇಡ ಎಂಬ ಭಾವನೆ ಅದರ ಹಿಂದಿತ್ತು. ಹತ್ತು ವರ್ಷ ಹಿಂದೆ ಅಮೆರಿಕ ಅವರನ್ನು ಜಪಾನಿ ಎಂದು ತಂತಿಬೇಲಿಯೊಳಗೆ ಇಟ್ಟಿತ್ತು. ಈಗ ಜಪಾನು ಅಮೆರಿಕದವನೆಂದು ಬಾಗಿಲು ಹಾಕಿತು. ಸಮಿತಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಕಮಾನಿನ ಮಾದರಿಯ ಚಿತ್ರ ನೋಡಿದಾಗಲೆಲ್ಲ ಅದು ಅಲ್ಲಿ ಇರಬೇಕಿತ್ತು ಎಂದೇ ಅನ್ನಿಸುತ್ತದೆ.

ಆಮೇಲಿನ ದಶಕಗಳಲ್ಲಿ ದೊಡ್ಡ ದೊಡ್ಡ ಕೆಲಸಗಳು ಬಂದವು. ಪ್ಯಾರಿಸ್‌ನಲ್ಲಿ ಯುನೆಸ್ಕೋ ತೋಟ, ಜೆರುಸಲೇಮಿನಲ್ಲಿ ಶಿಲ್ಪೋದ್ಯಾನ, ನ್ಯೂಯಾರ್ಕಿನ ಬೀದಿಯಲ್ಲಿ ಒಂದು ಮೊನೆಯ ಮೇಲೆ ನಿಂತ ಕೆಂಪು ಘನ, 1970ರ ಒಸಾಕಾ ಎಕ್ಸ್‌ಪೋದಲ್ಲಿ ಕಾರಂಜಿಗಳು. 1976ರಲ್ಲಿ ಅಟ್ಲಾಂಟಾದ ಪೀಡ್‌ಮಾಂಟ್ ಪಾರ್ಕಿನಲ್ಲಿ ಮಕ್ಕಳ ಆಟದ ಜಾಗ. ಅವರು ಬದುಕಿದ್ದಾಗ ಅಮೆರಿಕದಲ್ಲಿ ಪೂರ್ತಿಯಾದ ಆಟದ ಬಯಲು ಅದೊಂದೇ. 1985ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ, ತಮ್ಮ ಸ್ಟುಡಿಯೋದ ಎದುರಿನ ಹಳೆ ಕಾರ್ಖಾನೆ ಕಟ್ಟಡದಲ್ಲಿ ತಮ್ಮ ಮ್ಯೂಸಿಯಂ ತಾವೇ ಕಟ್ಟಿದರು.

ಕೊನೆಯ 20 ವರ್ಷ ಅರ್ಧ ಕಾಲ ಜಪಾನಿನ ಶಿಕೋಕು ದ್ವೀಪದ ಮುರೆ ಎಂಬ ಕಲ್ಲುಕುಟಿಗರ ಊರಲ್ಲಿದ್ದರು. ಅಲ್ಲಿನ ಮಸಾತೋಶಿ ಇಜುಮಿ ಎಂಬ ಕಲ್ಲುಕೆಲಸದವರು ಜೊತೆಗಾರರು. ಬೆಂಗಳೂರಿನ ಉತ್ತರಕ್ಕೆ ಸಾದರಹಳ್ಳಿ ಕಲ್ಲಿನ ಕ್ವಾರಿಗಳಲ್ಲಿ ನಾನು ಕಂಡದ್ದೂ ಅದೇ ಕೆಲಸ. ಬಂಡೆಯ ಮೇಲೆ ಒಂದು ಗೆರೆ, ಗೆರೆಯುದ್ದಕ್ಕೂ ಸಣ್ಣ ತೂತು, ತೂತಿಗೊಂದು ಬೆಣೆ. ಸುತ್ತಿಗೆಯಲ್ಲಿ ಸರದಿಯಂತೆ ಒಂದೊಂದೇ ಪೆಟ್ಟು. ಬಡಿಯುವವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಸದ್ದು ಬದಲಾಯಿತು ಅಂದರೆ ಒಳಗೆ ಬಿರುಕು ಓಡಿತು. ಮುರೆಯಲ್ಲಿ ನೊಗುಚಿ ಆ ಬೆಣೆಯ ಗುರುತುಗಳನ್ನು ಕೆಲವು ಶಿಲ್ಪಗಳಲ್ಲಿ ಅಳಿಸಲೇ ಇಲ್ಲ. ಒಂದು ಮಗ್ಗುಲು ಹೊಳೆಯುವಂತೆ ಉಜ್ಜಿ, ಇನ್ನೊಂದು ಮಗ್ಗುಲನ್ನು ಒಡೆದದ್ದು ಒಡೆದ ಹಾಗೆ ಬಿಟ್ಟರು. ಅವರ ಕಲ್ಲುಗಳಲ್ಲಿ ನನಗೆ ಇವೇ ಹೆಚ್ಚು ಪ್ರಿಯ.

1988ರಲ್ಲಿ ಜಪಾನಿನ ಉತ್ತರ ಭಾಗದ ಸಪ್ಪೊರೊ ನಗರದವರು ಕರೆದರು. ನಗರದ ಅಂಚಿನಲ್ಲಿ ನದಿಯ ಹಳೆಯ ತಿರುವೊಂದರ ಒಳಗೆ ಕಸ ಸುರಿಯುವ ಜಾಗವಿತ್ತು. ಮೊಯೆರೆನುಮಾ. ನೊಗುಚಿ ನೋಡಿದರು, ಒಪ್ಪಿಕೊಂಡರು. ಇಡೀ ಬಯಲನ್ನು ಒಂದೇ ಶಿಲ್ಪವೆಂದು ಭಾವಿಸಿ ನಕ್ಷೆ ತಯಾರಿಸಿದರು. ಆ ನಕ್ಷೆಯಲ್ಲಿ ಒಂದು ಗುಡ್ಡವಿತ್ತು. ಅದರ ಹೆಸರು ‘ಪ್ಲೇ ಮೌಂಟನ್’. 55 ವರ್ಷ ಹಿಂದೆ ನ್ಯೂಯಾರ್ಕಿನಲ್ಲಿ ನಗೆಪಾಟಲಾದ ಅದೇ ಗುಡ್ಡ. ಆ ವರ್ಷದ ಡಿಸೆಂಬರ್ 30ರಂದು ನೊಗುಚಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. 84 ವರ್ಷವಾಗಿತ್ತು. ನಕ್ಷೆ ಹಿಡಿದು ಅವರ ಜೊತೆಗಾರರು ಕೆಲಸ ಮುಂದುವರಿಸಿದರು. 2005ರಲ್ಲಿ ಉದ್ಯಾನ ಪೂರ್ತಿ ತೆರೆಯಿತು. ಪ್ಲೇ ಮೌಂಟನ್ ಈಗ 30 ಮೀಟರ್ ಎತ್ತರ, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ಹುಲ್ಲಿನ ಇಳಿಜಾರು. ಅದೇ ನಗರದ ಓಡೋರಿ ಪಾರ್ಕಿನಲ್ಲಿ ಕಪ್ಪು ಗ್ರಾನೈಟಿನ ಜಾರುಬಂಡೆಯೂ ಇದೆ, ವೆನಿಸ್‌ನ ಬಿಳಿಯದರ ತಂಗಿ. ಮಕ್ಕಳು ಜಾರಿ ಜಾರಿ ಅದರ ಹೊಟ್ಟೆ ಹೊಳೆಯುತ್ತಿರುವುದನ್ನು ಚಿತ್ರಗಳಲ್ಲಿ ಕಾಣಬಹುದು.

ಮಾತು ಮುಗಿದ ಮೇಲೆ ದೊಡ್ಡವರು ಬೇರೆ ಬೇರೆ ಪ್ರಶ್ನೆ ಕೇಳಿದರು. ಎಲ್ಲ ಮುಗಿದು ನಾನು ವೈರು ಸುತ್ತುತ್ತಿರುವಾಗ, ಮೊದಲಿಗೆ ‘ಸ್ಲೈಡು’ ಎಂದು ಕೂಗಿದವರಲ್ಲಿ ಒಬ್ಬಳು ಹುಡುಗಿ ಹತ್ತಿರ ಬಂದು ಕೇಳಿದಳು.

“ಸಾರ್, ಆ ಗುಡ್ಡ ಹತ್ತಿದ್ರೆ ವಾಚ್‌ಮನ್ ಬೈಯಲ್ವಾ?”

“ಇಲ್ಲಮ್ಮ, ಹತ್ತೋಕೇ ಮಾಡಿರೋದು. ಹಿಮ ಬಿದ್ದಾಗ ಜಾರಬಹುದು ಕೂಡ.”

“ಟಿಕೆಟ್ ಎಷ್ಟು?”

“ಟಿಕೆಟ್ ಇಲ್ಲ.”